ತಮ್ಮನಿಗೆ ಡ್ರಿಪ್ ಹಾಕಿದ ಮಧ್ಯಾಹ್ನ

ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಸಿದ್ದಾಪುರದ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಎರಡನೇ ತರಗತಿ. ಇನ್ನೂ ಅಂಬೆಗಾಲಿಕ್ಕುತ್ತಿದ್ದ ತಮ್ಮ ವಾಂತಿಭೇದಿಯಿಂದ ಸೋತು ಅಳುವುದನ್ನೂ ನಿಲ್ಲಿಸಿದ್ದ. ಆಯಿ, ಅಂದರೆ ನಮ್ಮಮ್ಮ, ಅವನನ್ನೆತ್ತಿಕೊಂಡು, ನನ್ನನ್ನೂ ಕರೆದುಕೊಂಡು ನಮ್ಮೂರು ಮನ್ಮನೆಯಿಂದ ಜೀಪಿನಲ್ಲಿ ಬಂದಿದ್ದಳು.

"ಈಗಲೇ ಡ್ರಿಪ್ ಹಾಕಬೇಕು" ಎಂದರು ಡಾಕ್ಟರು. ಆದರೆ ಎರಡು ಕೈಯಲ್ಲೂ ನರ ಸಿಗಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತ್ತು. ಅಷ್ಟು ಹೊತ್ತೂ ನರ್ಸ್ ತಮ್ಮನ ತಣ್ಣಗಿನ ಪಾದವನ್ನು ಅಂಗೈಯಲ್ಲಿಟ್ಟು ಉಜ್ಜುತ್ತಿದ್ದರು.

"ಸರ್, ಪಾದದಲ್ಲಿ ಒಂದು ಕಾಣ್ತಾ ಇದೆ."

"ಹಾಗಾದ್ರೆ ನೀವೇ ಹಾಕಿ ಸಿಸ್ಟರ್. ನಾನು ಕಾಲು ಹಿಡ್ಕೊಳ್ತೇನೆ."

ಡಾಕ್ಟರು ಮಂಚದ ಪಕ್ಕ ಮಂಡಿಯೂರಿ ಕೂತರು. "ಹೆದ್ರಡ" ಎಂದು ಧೈರ್ಯ ಹೇಳುತ್ತಾ ಆಯಿ ನನ್ನ ಭುಜ ಹಿಡಿದಳು. ಸೂಜಿ ಒಳಗೆ ಹೋಯಿತು. ನರ್ಸ್ ಪಟ್ಟಿ ಅಂಟಿಸಿ ಮುಗಿಸುವ ತನಕ ಡಾಕ್ಟರು ಅಲುಗಾಡಲಿಲ್ಲ. ಆಮೇಲೆ ಅವರಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಬಂದು ನಾಡಿ ನೋಡಿ ಹೋಗುತ್ತಿದ್ದರು.

ಸಂಜೆ ಡಾಕ್ಟರು ಬಗ್ಗಿ ಹೊಟ್ಟೆ ಮುಟ್ಟಿ ನೋಡುತ್ತಿದ್ದಾಗ ತಮ್ಮ ಅವರ ಅಂಗಿಯ ಮೇಲೇ ಉಚ್ಚೆ ಹೊಯ್ದ.

"ಅಯ್ಯೋ, ತಪ್ಪಾಯ್ತು ಡಾಕ್ಟ್ರೇ" ಎನ್ನುತ್ತಾ ಆಯಿ ಸೆರಗಿನಿಂದ ಒರೆಸಲು ಹೋದಳು.

ಅವರು ಬಾಗಿಲಿನ ಕಡೆ ತಿರುಗಿ ಕೂಗಿದರು: "ಸಿಸ್ಟರ್, ಬೇಗ ಬನ್ನಿ! ಹೊಯ್ದ!"

ಓಡಿ ಬಂದ ನರ್ಸ್ ಒದ್ದೆ ಅಂಗಿ ನೋಡಿ ನಗತೊಡಗಿದರು.

"ಉಚ್ಚೆ ಬಂತು ಅಂದ್ರೆ ಮೈಗೆ ನೀರು ಹಿಡೀತು ಅಮ್ಮ" ಎಂದರು ಡಾಕ್ಟರು. "ಮಧ್ಯಾಹ್ನದಿಂದ ನಾವಿಬ್ರೂ ಇದನ್ನೇ ಕಾಯ್ತಾ ಇದ್ದೆವು."