ಎಳೆ ಮಲಗಿದ ದಿಕ್ಕು

ಏಳು ವರ್ಷದ ಮೇಲೆ ಅಳಿಯ ಸಲೂನಿಗೆ ಬಂದು ಕುರ್ಚಿಯಲ್ಲಿ ಕೂತದ್ದೇ ತಡ, ಮಾವನ ಕೈಯಲ್ಲಿದ್ದ ಬಾಚಣಿಗೆ ಜಾರಿ ಬಿತ್ತು. ಈ ಮಾವ ಅಂದರೆ ಸಾಮಾನ್ಯದ ಆಳಲ್ಲ. ಹಾರುವ ನೊಣದ ಮೀಸೆಯನ್ನು, ಅದಕ್ಕೇ ಗೊತ್ತಾಗದ ಹಾಗೆ, ಎರಡೂ ಕಡೆ ಸಮನಾಗಿ ಕತ್ತರಿಸಬಲ್ಲ ಕ್ಷೌರಿಕ. ಅವನು ಗಡ್ಡ ತೆಗೆದ ಗಲ್ಲದ ಮೇಲೆ ಕೂತ ಸೊಳ್ಳೆ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡವರು ಆ ಬೀದಿಯಲ್ಲಿ ಈಗಲೂ ಇದ್ದಾರೆ.

ಅಂಥವನ ಕತ್ತಿಗೆ ಇಡೀ ಲೋಕದಲ್ಲಿ ಮಣಿಯದ ಮುಖ ಒಂದೇ ಒಂದು, ಅದೂ ಸ್ವಂತ ಅಳಿಯನದು. ಮದುವೆಯ ದಿನ ಬೆಳಿಗ್ಗೆ ಮಾವನೇ ಮುತುವರ್ಜಿಯಿಂದ ಎರಡೆರಡು ಸಲ ಕತ್ತಿಯನ್ನು ಕೂದಲಿಗೆ ಉಲ್ಟಾ ಎಳೆದು ಗಾಜಿನ ಹಾಗೆ ಮಾಡಿ ಕಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಮುಖದ ತುಂಬ ಕೆಂಪು ಬೊಕ್ಕೆ ಎದ್ದು, ಫೋಟೊದಲ್ಲಿ ಮದುಮಗ ಜೇನುಗೂಡಿಗೆ ಮುತ್ತಿಟ್ಟು ಬಂದವನ ಹಾಗಿದ್ದ. "ನಿಮ್ಮ ರಕ್ತ ಬಿಸಿ," ಅಂದ ಮಾವ. "ನಿಮ್ಮ ಕತ್ತಿ ಬಿಸಿ," ಅಂದ ಅಳಿಯ. ಅವತ್ತಿನಿಂದ ಅಳಿಯ ಗಡ್ಡ ಬಿಟ್ಟ, ಮಾವ ಮಾತು ಬಿಟ್ಟ.

"ಗಡ್ಡ ತೆಗೀಬೇಕು, ಮಾವ. ಹನ್ನೊಂದು ಗಂಟೆಗೆ ಮಗೂನ ನನ್ನ ಎದೆ ಮೇಲೆ ಮಲಗಿಸ್ತಾರಂತೆ."

ಮಾವ ರೇಡಿಯೊ ಆರಿಸಿದ. ಎರಡು ತಿಂಗಳು ಮೊದಲೇ ಹುಟ್ಟಿದ ಮೊಮ್ಮಗಳು ಹತ್ತೊಂಬತ್ತು ದಿನದಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಅವಳಿಗಿಂತ ಅವನ ಸೋಪಿನ ಬಟ್ಟಲೇ ಭಾರ. ಬಾಣಂತಿ ಮಗಳಿಗೆ ಜ್ವರ ಇಳಿದಿರಲಿಲ್ಲ, ಕೂಸಿನ ಹತ್ತಿರ ಬಿಡುತ್ತಿರಲಿಲ್ಲ. ಕೂಸಿಗೆ ಮೈಯ ಬಿಸುಪು ಬೇಕು, ಅಪ್ಪನದೇ ಆಗಲಿ ಅಂದಿದ್ದರು ಡಾಕ್ಟರು.

"ಗಡ್ಡ ಚುಚ್ಚುತ್ತೆ, ಇರಬಾರದು ಅಂದ್ರು ಸಿಸ್ಟರು. ಹಾಗಂತ ಗಾಯ, ಬೊಕ್ಕೆ ಇದ್ದರೂ ಒಳಗೆ ಬಿಡಲ್ವಂತೆ, ಸೋಂಕಿನ ಭಯ. ಕ್ರೀಮು, ಸೆಂಟು ಏನೂ ಹಚ್ಚೋ ಹಾಗಿಲ್ಲ."

"ಮತ್ತೆ ನನ್ನ ಹತ್ರ ಯಾಕೆ ಬಂದ್ರಿ? ನನ್ನ ಕತ್ತಿ ಬಿಸಿ ಅಲ್ವಾ?"

"ಉರಿಸುತ್ತೆ, ನಿಜ. ಆದ್ರೆ ಕೊಯ್ದದ್ದು ಯಾವತ್ತೂ ಇಲ್ಲ. ಬೇರೆಯವರ ಕೈಗೆ ಕತ್ತು ಕೊಡೋಕೆ ಧೈರ್ಯ ಬರಲಿಲ್ಲ."

ಏಳು ವರ್ಷದಲ್ಲಿ ಅಳಿಯನ ಬಾಯಿಂದ ಬಿದ್ದ ಮೊದಲ ಹೊಗಳಿಕೆ. ಮಾವ ಅದನ್ನು ಗುಟುಕರಿಸಿ, ತೋರಿಸಿಕೊಳ್ಳದೆ, ಮಷೀನು ಹಾಕಿ ಉದ್ದ ಗಡ್ಡವನ್ನು ಇಳಿಸಿದ. ಒಂದು ಹಾಸಿಗೆ ತುಂಬುವಷ್ಟು ಕೂದಲು ಬಿತ್ತು. ಬ್ರಶ್ಶಿಗೆ ಕೈ ಹಾಕುವಷ್ಟರಲ್ಲಿ ಅಳಿಯ ಜೇಬಿನಿಂದ ಸೀಮೆಸುಣ್ಣದ ಬಿಲ್ಲೆ ತೆಗೆದ. ಅವನು ಟೈಲರು. ಕನ್ನಡಿ ನೋಡುತ್ತ, ಬೆರಳಾಡಿಸುತ್ತ ಕೆನ್ನೆಯ ಮೇಲೊಂದು ಬಾಣದ ಗುರುತು ಎಳೆದ. ಗಲ್ಲದ ಮೇಲೊಂದು. ಕತ್ತಿನ ಮೇಲೆ ನಾಲ್ಕು.

"ಏನಿದು? ನನಗೇ ದಾರಿ ತೋರಿಸ್ತೀರಾ?"

"ಕೋಪ ಮಾಡ್ಕೋಬೇಡಿ. ಮಖಮಲ್ಲಿಗೆ ಕತ್ತರಿ ಹಾಕೋ ಮೊದಲು ನಾವು ಸವರಿ ನೋಡ್ತೀವಿ, ಎಳೆ ಯಾವ ಕಡೆ ಮಲಗಿದೆ ಅಂತ. ಉಲ್ಟಾ ಹೋದ್ರೆ ಬಟ್ಟೆ ಕೆಟ್ಟುಹೋಯ್ತು. ನನ್ನ ಎಡಗತ್ತಲ್ಲಿ ಕೂದಲು ಕೆಳಗೆ ಬೆಳೆಯಲ್ಲ, ಮಾವ, ಕಿವಿ ಕಡೆ ಅಡ್ಡಡ್ಡ ಹೋಗುತ್ತೆ."

ಮಾವನಿಗೆ ಮೂಗಿನ ತುದಿಗೆ ಕೋಪ ಬಂತು. ಆದರೂ ಬೆರಳು ಹಾಕಿ ನೋಡಿದ. ಹೌದು, ಅಡ್ಡಡ್ಡ. ನಲವತ್ತು ವರ್ಷದಲ್ಲಿ ನಲವತ್ತು ಲಕ್ಷ ಗಲ್ಲ ನೋಡಿದವನು ಒಂದರ ಮೇಲೂ ಕೈಯಾಡಿಸಿ ಕೂದಲಿನ ದಿಕ್ಕು ವಿಚಾರಿಸಿರಲಿಲ್ಲ. ಗುರುತುಗಳನ್ನು ಬಾಯಿಪಾಠ ಮಾಡಿಕೊಂಡು ಒರೆಸಿದ. ಬಿಸಿ ಟವೆಲ್ಲು ಹೊದಿಸಿ, ಗಡ್ಡ ಬೆಣ್ಣೆಯಾಗುವವರೆಗೆ ಕಾದ. ಬಿಳಿ ಮೋಡದಂಥ ನೊರೆ ಹಚ್ಚಿ, ಹೊಸ ಬ್ಲೇಡು ತೊಡಿಸಿ, ಕತ್ತಿಯ ಭಾರಕ್ಕೆ ಕತ್ತಿಯೇ ಇಳಿಯಲಿ ಎಂದು ಒತ್ತದೆ, ಚರ್ಮ ಎಳೆಯದೆ, ಗಿಡ್ಡ ಗಿಡ್ಡ ಎಳೆತ ಎಳೆದ. ಕೆನ್ನೆಯಲ್ಲಿ ಕೆಳಕ್ಕೆ, ಕತ್ತಿನಲ್ಲಿ ಕಿವಿಯತ್ತ. ಬೀದಿಯ ಟ್ರಾಫಿಕ್ಕು ಕೂಡ ಆಗ ಉಸಿರು ಬಿಗಿಹಿಡಿದು ನಿಂತಿತ್ತು.

ಮುಗಿದ ಮೇಲೆ ಸವರಿದರೆ ಹೂವಿನ ದಳದಷ್ಟು ಒರಟು ಉಳಿದಿತ್ತು. ಅಷ್ಟು ಉಳಿದರೂ ಮಾನ ಹೋದ ಹಾಗೆ, ಮಾವನ ಕೈ ತುರಿಸಿತು. ಕತ್ತಿ ತಾನಾಗಿಯೇ ಗಲ್ಲದ ಕೆಳಗೆ ಹೋಗಿ, ಉಲ್ಟಾ ತಿರುಗಿ ನಿಂತಿತು.

"ಮಾವ," ಅಂದ ಅಳಿಯ, ಕಣ್ಣು ಮುಚ್ಚಿಕೊಂಡೇ.

"ಗೊತ್ತು, ಗೊತ್ತು." ಮಾವ ಕತ್ತಿ ಮಡಚಿದ. ಉರಿ ಹತ್ತಿಸುವ ಪಟಿಕವನ್ನೂ ಸೆಂಟಿನ ಬಾಟಲಿಯನ್ನೂ ಮುಟ್ಟಲಿಲ್ಲ. ತಣ್ಣೀರಲ್ಲಿ ತೊಳೆದು, ಉಜ್ಜದೆ, ಮೆತ್ತನೆ ಬಟ್ಟೆಯಿಂದ ಮಗುವಿನ ಮುಖ ಒತ್ತುವ ಹಾಗೆ ಒತ್ತಿದ. ಆಸ್ಪತ್ರೆಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಳಿಯನ ಕೆನ್ನೆಯನ್ನೇ ಹಾಲು ಉಕ್ಕೀತೇನೋ ಎಂಬಂತೆ ಕಾದು ಕೂತ. ಒಂದು ಬೊಕ್ಕೆಯೂ ಏಳಲಿಲ್ಲ.

ಸಿಸ್ಟರು ಮುಖವನ್ನು ದೀಪ ಹಿಡಿದು ನೋಡಿ, "ಬನ್ನಿ," ಅಂದರು. ಮಾವ ಬಾಗಿಲಲ್ಲೇ ನಿಂತ. ಶರಟು ಬಿಚ್ಚಿ ಒರಗಿದ ಅಳಿಯನ ಎದೆಯ ಮೇಲೆ ಅಂಗೈಯಷ್ಟು ಜೀವವನ್ನು ಇಟ್ಟರು. ಅದು ಗಲ್ಲದ ಕೆಳಗೆ ಮೂಗು ತೂರಿಸಿತು. ಆಮೇಲೆ ಎಳ್ಳಿನಷ್ಟು ಉಗುರಿನ ಕೈಯೊಂದು ಬಟ್ಟೆಯಿಂದ ಹೊರಬಂದು ಅಪ್ಪನ ಕೆನ್ನೆಯನ್ನು ಪರಕ್ಕನೆ ಗೀರಿತು. ಕೆಂಪಗೆ ಗೆರೆ ಎದ್ದಿತು.

"ಅಯ್ಯೋ, ಗೀರಿಬಿಟ್ಟಳು!" ಸಿಸ್ಟರು ಹತ್ತಿ ತರಲು ಎದ್ದರು. ಅಳಿಯ ಅಲುಗಲಿಲ್ಲ.

ಬಾಗಿಲಲ್ಲಿ ಮಾವ ಕಣ್ಣೊರೆಸಿಕೊಳ್ಳುತ್ತ ಅಂದ: "ಗೀರಲಿ ಬಿಡಿ, ಸಿಸ್ಟರ್. ಅಷ್ಟು ಶಕ್ತಿ ಬಂತಲ್ಲ!"