ಮನೆಗೆ ಇಟ್ಟ ರಿಂಗ್‌ಟೋನ್

"ಅಕ್ಕಾ, ಇದೊಂದು ಕೇಳಿಸ್ತಾನೇ ಇಲ್ಲ," ಎಂದು ಮೊಬೈಲ್ ರಿಪೇರಿಯವನು ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದ. ಎದುರಿಗೆ ನಿಂತಿದ್ದವಳ ಗಂಡನ ಹಳೆಯ ಫೋನಿನಲ್ಲಿದ್ದ ರಿಂಗ್‌ಟೋನುಗಳನ್ನು ಅವನು ಒಂದೊಂದಾಗಿ ಓಜಿಜಿ ಎಂಬ ಫೈಲ್ ಮಾದರಿಗೆ ಬದಲಾಯಿಸುತ್ತಿದ್ದ. ಯಾವ ಕಂಪನಿಯ ಹಂಗೂ ಇಲ್ಲದ ಆ ಮಾದರಿ ಹೊಸ ಫೋನಿಗೂ ಒಗ್ಗುತ್ತಿತ್ತು. ನಾದಿನಿಗೆ ಇಟ್ಟಿದ್ದ ಕೊಳಲು, ಮಾಲೀಕರಿಗೆ ಇಟ್ಟಿದ್ದ ಗಂಟೆ, ಇಸ್ಪೀಟಿನ ಗೆಳೆಯನಿಗೆ ಇಟ್ಟಿದ್ದ ಕೋಳಿ ಕೂಗು, ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಸದ್ದಿನ ಗೆರೆ ಕುಣಿದಿತ್ತು. ಇದಕ್ಕೆ ಮಾತ್ರ ನೆಟ್ಟಗೆ ಮಲಗಿತ್ತು.

"ಯಾರ ನಂಬರಿಗೆ ಇಟ್ಟಿದ್ದಾರೆ ನೋಡಪ್ಪ."

ಅವನು ಹಳೆಯ ಫೋನನ್ನು ಒತ್ತಿ ನೋಡಿದ. "'ಮನೆ' ಅಂತಿದೆ." ಅದು ಅವಳದೇ ನಂಬರೆಂದು ತಿಳಿಯದೆ ನಕ್ಕ. "ಕೆಲವರು ಹೀಗೆ ಖಾಲಿ ಟೋನ್ ಇಟ್ಕೋತಾರೆ ಅಕ್ಕಾ. ಬೇಡದವರು ಫೋನ್ ಮಾಡಿದ್ರೆ ತಲೆನೋವಿಲ್ಲ."

ಮಗುವಿಗೆ ಜ್ವರ ನೆತ್ತಿಗೇರಿದ ಮಧ್ಯಾಹ್ನ ಕೆಲಸಕ್ಕೆ ಹೋಗಿದ್ದ ಗಂಡನಿಗೆ ಅವಳು ಬೆರಳು ಸೋಲುವಷ್ಟು ಸಲ ಕರೆ ಮಾಡಿದ್ದಳು. "ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಕಣೇ," ಎಂದಿದ್ದ ಅವನು ಸಂಜೆ ಬಂದು. ಅಂದಿನಿಂದ ಅವಳು ಆ ಮೆಷಿನ್ನನ್ನೇ ಶಪಿಸುತ್ತ ಬಂದಿದ್ದಳು.

ಅವಳ ಮುಖ ನೋಡಿ ರಿಪೇರಿಯವನ ನಗು ಇಳಿಯಿತು. "ಫೈಲ್ ಹಾಳಾಗಿರಬೇಕು ಬಿಡಿ. ಬೇರೆ ಒಳ್ಳೇದೊಂದು ಹಾಕ್ಲಾ?"

"ಬೇಡ," ಎಂದಳು, ಆ ಗೆರೆಯಿಂದ ಕಣ್ಣು ಕೀಳದೆ. "ಅದನ್ನೂ ಹಾಗೇ ಬದಲಾಯಿಸಿ ಕೊಡು. ಒಂದೂ ಬಿಟ್ಟುಹೋಗಬಾರದು ಅಂತ ನಮ್ಮನೆಯವರು ಹೇಳಿ ಕಳಿಸಿದ್ದಾರೆ."