ಅಣಬೆ, ಮುಸಿಯ ಮತ್ತು ಅವ್ವ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ತಾಯಿ, ಕೂಸು ಇಬ್ಬರೂ ಕ್ಷೇಮ, ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಒಲೆಯ ಮೇಲೆ ಬೇಯುತ್ತಿರುವ ಅಣಬೆಯ ಮಣ್ಣುವಾಸನೆ ನನ್ನನ್ನು ತವರೂರು ಕತ್ತಲಗೆರೆಯ ಹೊಲಕ್ಕೆ ಎಳೆದೊಯ್ದಿತು.

ಆಗ ಯುದ್ಧದ ಕಾಲ, ನಾನು ಸಣ್ಣವಳು. ನನ್ನ ತಮ್ಮ ತೆವಳಲು ಕಲಿಯುವ ಮೊದಲೇ ತೀರಿಕೊಂಡಿದ್ದ. ಅವನನ್ನು ಮಣ್ಣು ಮಾಡಿದಾಗಿನಿಂದ ಅವ್ವ ಊಟ ಮುಟ್ಟಿರಲಿಲ್ಲ, ಬರೀ ಮಜ್ಜಿಗೆಯಲ್ಲಿ ಜೀವ ಹಿಡಿದಿದ್ದಳು. ಗುಡುಗು ಬಂದ ಮರುದಿನ ಅಜ್ಜಿ ಅವಳನ್ನು ತನ್ನ ಜೊತೆ ಅಣಬೆ ಕೀಳಲು ಹೊರಡಿಸಿದಳು. ನಾನೂ ಹಿಂದೆ ಹೋದೆ.

ಹುತ್ತದ ಪಕ್ಕ ಬೆಳ್ಳಗೆ ಅಣಬೆ ಎದ್ದಿದ್ದವು. ನಾನು ಬೆರಳು ತೋರಿಸಿದೆ.

"ಏ ಹುಚ್ಚಿ, ಬೆಟ್ಟು ಮಾಡಬ್ಯಾಡ! ನಾಚ್ಕೊಂಡು ಮುಂದಿನ ವರ್ಷ ಬರಾಕಿಲ್ಲ ಅವು" ಎಂದಳು ಅಜ್ಜಿ.

ಅಷ್ಟರಲ್ಲಿ ಹುಣಸೆಮರದಲ್ಲಿ ಕರಿಮೋರೆಯ, ಉದ್ದ ಬಾಲದ ಕೋತಿ, ಮುಸಿಯವೊಂದು ಕಂಡಿತು. ಅದರ ಎದೆಗೆ ಸತ್ತ ಮರಿ ಒಣಗಿದ ತೊಗಲಿನಂತೆ ಜೋತುಬಿದ್ದಿತ್ತು.

ಅಜ್ಜಿ ಸಮಾಧಾನಕ್ಕೆಂದೇ ಅಂದಳು: "ನೋಡವ್ವ, ಅಣಬೆಗೆ ಒಂದೇ ದಿನದ ಬಾಳು, ಸುಮ್ನೆ ಮಣ್ಣಾಗ್ತೈತೆ. ಈ ಮುಸಿಯಕ್ಕೆ ಬುದ್ಧಿ ಇಲ್ಲ, ಹೋದದ್ದನ್ನ ಹೊತ್ಕೊಂಡು ತಿರುಗ್ತೈತೆ."

"ನಾನೂ ಮುಸಿಯಾನೇ ಅತ್ತೆ," ಅವ್ವ ಅಂದಳು. "ಅಣಬೆ ಆಗಾಕೆ ನನಗೆ ಬರಾಕಿಲ್ಲ."

ಅಜ್ಜಿ ಅವ್ವನ ಪಕ್ಕದಲ್ಲೇ ಮಣ್ಣಲ್ಲಿ ಕೂತಳು. ಮುಸಿಯ ಮರೆಯಾಗುವವರೆಗೂ ಇಬ್ಬರೂ ಅದನ್ನೇ ನೋಡಿದರು.

ನಮ್ಮ ಮನೆಯಲ್ಲಿ ಸೊಸೆಯಾದವಳು ಎಲ್ಲರೂ ಉಂಡ ಮೇಲೆ ಉಣ್ಣಬೇಕಿತ್ತು. ಆ ಸಂಜೆ ಅಜ್ಜಿ ಅವ್ವನನ್ನು ಅಜ್ಜ, ಅಪ್ಪನ ಸಾಲಿನಲ್ಲೇ ಕೂರಿಸಿ, ಮುದ್ದೆ ಮುರಿದು, ಅಣಬೆ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅವ್ವ ನುಂಗಿದಳು. ಆಮೇಲೆ ನಾವೆಲ್ಲರೂ ಉಂಡೆವು.